ನಿಮಗಿದು ಗೊತ್ತೇ? ಗಂಟೆ ಹೊಡೆಯುವ ಮುಂಚಿನ ಗರ್ಜನೆ

◆ ಹೆವಿವೇಟ್ ಬಾಕ್ಸರ್‌ಗಳನ್ನು ಪಂದ್ಯಕ್ಕೆ ಮೊದಲು ತಕ್ಕಡಿಯ ಮೇಲೆ ನಿಲ್ಲಿಸುವುದು ಏಕೆ? ತೂಕ ನೋಡಲಿಕ್ಕೆ ಅಂದುಕೊಂಡಿದ್ದರೆ ತಪ್ಪು. ಉಳಿದ ವರ್ಗಗಳಲ್ಲಿ ಅರ್ಧ ಕಿಲೋ ಹೆಚ್ಚಾದರೂ ಬೆಲ್ಟ್ ಕೈತಪ್ಪುವ ಭಯ. ಅದಕ್ಕೇ ಆ ಬಾಕ್ಸರ್‌ಗಳು ಊಟ ಬಿಟ್ಟು, ನೀರೂ ಬಿಟ್ಟು, ಕೆನ್ನೆ ಒಳಗೆ ಹೋಗುವಷ್ಟು ಒಣಗಿ ಬಂದಿರುತ್ತಾರೆ. ಹೆವಿವೇಟ್‌ಗೆ ಆ ಚಿಂತೆ ಇಲ್ಲ. ಈಗಿನ ವೃತ್ತಿಪರ ಬಾಕ್ಸಿಂಗ್‌ನಲ್ಲಿ 200 ಪೌಂಡ್, ಅಂದರೆ 90.7 ಕಿಲೋ ದಾಟಿದವರು ಯಾರೇ ಆದರೂ ಹೆವಿವೇಟ್ ಆಗಿ ಆಡಬಹುದು; ಮೇಲ್ಮಿತಿ ಎಂಬುದೇ ಇಲ್ಲ. ಹಾಗಾಗಿ ಅವರ ತೂಕದ ಶಾಸ್ತ್ರ ಬರೀ ಶಾಸ್ತ್ರ. ಅಲ್ಲಿ ಎಲ್ಲರೂ ನೋಡಲು ಬರುವುದು ಯಾರ ಕಣ್ಣು ಮೊದಲು ಕೆಳಗಿಳಿಯಿತು ಎಂಬುದನ್ನು.

◆ ಆ ಶಾಸ್ತ್ರವನ್ನು ನಾಟಕವಾಗಿಸಿದವನು 22 ವರ್ಷದ ಒಬ್ಬ ಹುಡುಗ. 1964ರ ಫೆಬ್ರವರಿ 25ರ ಬೆಳಿಗ್ಗೆ, ಅಮೆರಿಕದ ಮಯಾಮಿ ಬೀಚ್. ಆಗ ತೂಕ ನೋಡುತ್ತಿದ್ದದ್ದು ಪಂದ್ಯದ ದಿನವೇ. ಬೆನ್ನ ಮೇಲೆ ಕರಡಿ ಬೇಟೆ ಎಂದು ಬರೆದ ಡೆನಿಮ್ ಅಂಗಿ ತೊಟ್ಟು, ಕೈಯಲ್ಲೊಂದು ಕೋಲು ಹಿಡಿದು, ನೆಲ ಕುಟ್ಟುತ್ತಾ ಕ್ಯಾಸಿಯಸ್ ಕ್ಲೇ ಒಳಗೆ ನುಗ್ಗಿದ. ಕರಡಿ ಅಂದರೆ ಚಾಂಪಿಯನ್ ಸನ್ನಿ ಲಿಸ್ಟನ್. ಕ್ಲೇ ಕಿರುಚಿದ, ಲಿಸ್ಟನ್ ಮೇಲೆ ಏರಿಹೋದ, ಜೊತೆಯವರು ಅವನನ್ನು ಹಿಡಿದೆಳೆದರು. ವೈದ್ಯರು ನಾಡಿ ಹಿಡಿದರೆ ನಿಮಿಷಕ್ಕೆ 120! ಮಾಮೂಲಿ ದಿನಗಳಲ್ಲಿ ಅವನ ನಾಡಿ 54. ಹುಡುಗ ಹೆದರಿ ಹುಚ್ಚನಾಗಿದ್ದಾನೆ ಎಂದೇ ಅಲ್ಲಿದ್ದ ಬಹುತೇಕ ಪತ್ರಕರ್ತರು ತೀರ್ಮಾನಿಸಿದರು. ಬಾಕ್ಸಿಂಗ್ ಆಯೋಗ 2,500 ಡಾಲರ್ ದಂಡವನ್ನೂ ಜಡಿಯಿತು.

ಸ್ವಲ್ಪ ಹೊತ್ತಿನ ಬಳಿಕ ಕ್ಲೇ ಬಳಗದ ವೈದ್ಯ ಫರ್ಡಿ ಪಚೆಕೊ ಮತ್ತೆ ನಾಡಿ ನೋಡಿದರು. 54!

◆ ಹಾಗಾದರೆ ಅದೆಲ್ಲ ಬರೀ ನಟನೆಯೇ? ನನ್ನನ್ನು ಕೇಳಿದರೆ ಅರ್ಧ ನಟನೆ, ಅರ್ಧ ನಿಜ. ಲಿಸ್ಟನ್ ಬಾಕ್ಸಿಂಗ್ ಕಲಿತದ್ದೇ ಮಿಸೌರಿಯ ಜೈಲಿನಲ್ಲಿ. ಅಂಥವನು ಗಟ್ಟಿಗನಿಗೆ ಹೆದರುವವನಲ್ಲ. ಹೆದರಿದರೆ ಮುಂದಿನ ಕ್ಷಣ ಏನು ಮಾಡುತ್ತಾನೋ ಹೇಳಲಾಗದ ಹುಚ್ಚನಿಗೆ ಹೆದರಬೇಕು. ಇದು ಕ್ಲೇ ಹಾಕಿದ ಲೆಕ್ಕ. ಅದಕ್ಕೂ ಮೊದಲು ಬಸ್ಸು ತೆಗೆದುಕೊಂಡು ಡೆನ್ವರ್‌ನಲ್ಲಿದ್ದ ಲಿಸ್ಟನ್ ಮನೆ ಬಾಗಿಲಿಗೇ ನಡುರಾತ್ರಿ ಹೋಗಿ ಗಲಾಟೆ ಎಬ್ಬಿಸಿದ್ದ.

◆ ಆ ಪಂದ್ಯಕ್ಕೆ ಬಂದಿದ್ದ 46 ಕ್ರೀಡಾ ಪತ್ರಕರ್ತರಲ್ಲಿ 43 ಮಂದಿ ಲಿಸ್ಟನ್ ಗೆಲ್ಲುತ್ತಾನೆ ಎಂದಿದ್ದರು. ಬಾಜಿ ಕಟ್ಟುವವರ ಲೆಕ್ಕ 7ಕ್ಕೆ 1. ನ್ಯೂಯಾರ್ಕ್ ಟೈಮ್ಸ್‌ಗಂತೂ ತನ್ನ ಹಿರಿಯ ಬಾಕ್ಸಿಂಗ್ ವರದಿಗಾರನನ್ನು ಕಳಿಸುವುದೂ ದಂಡ ಅನ್ನಿಸಿ, ರಾಬರ್ಟ್ ಲಿಪ್‌ಸೈಟ್ ಎಂಬ ಯುವಕನನ್ನು ಅಟ್ಟಿತ್ತು. ಹೊರಡುವಾಗ ಅವರಿಗೆ ಕಚೇರಿಯಿಂದ ಸಿಕ್ಕ ಸೂಚನೆ ಏನು ಗೊತ್ತೇ? ಕ್ರೀಡಾಂಗಣದಿಂದ ಹತ್ತಿರದ ಆಸ್ಪತ್ರೆಗೆ ದಾರಿ ಯಾವುದೆಂದು ಮೊದಲೇ ನೋಡಿಟ್ಟುಕೋ. ಕ್ಲೇ ಹಿಂದೆ ಓಡುವಾಗ ತಡವಾಗಬಾರದು! ಕ್ರೀಡಾಂಗಣದಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ.

◆ ಇಷ್ಟೆಲ್ಲ ಕೂಗಾಡಿದ ಕ್ಲೇ ಅದೇ ರಾತ್ರಿ ಒಂದು ಗಳಿಗೆ ಪೂರ್ತಿ ಕುಸಿದಿದ್ದ ಎಂಬುದು ಎಷ್ಟು ಜನರಿಗೆ ಗೊತ್ತು? ನಾಲ್ಕನೇ ಸುತ್ತಿನ ಹೊತ್ತಿಗೆ ಅವನ ಕಣ್ಣಿಗೆ ಏನೋ ಬಿದ್ದು ಉರಿ ಹತ್ತಿಕೊಂಡಿತು. ಲಿಸ್ಟನ್ ಗಾಯಕ್ಕೆ ಹಚ್ಚಿದ ಔಷಧಿಯೋ, ಭುಜಕ್ಕೆ ತಿಕ್ಕಿದ ಎಣ್ಣೆಯೋ, ಬೇಕೆಂದೇ ಗ್ಲೌಸ್‌ಗೆ ಬಳಿದದ್ದೋ, ಇವತ್ತಿಗೂ ವಾದ ಮುಗಿದಿಲ್ಲ. ಸ್ಟೂಲಿನ ಮೇಲೆ ಕೂತ ಕ್ಲೇಗೆ ಕಣ್ಣೇ ಕಾಣಲಿಲ್ಲ. ಗ್ಲೌಸ್ ಕತ್ತರಿಸಿ ತೆಗೆಯಿರಿ, ನಾನು ಆಡುವುದಿಲ್ಲ ಎಂದು ಹಟ ಹಿಡಿದ. ಕೋಚ್ ಏಂಜೆಲೊ ಡಂಡಿ ಸ್ಪಂಜಿನಲ್ಲಿ ನೀರು ತೆಗೆದು ಕಣ್ಣು ತೊಳೆದರು. ಆ ಸ್ಪಂಜನ್ನೂ ಟವೆಲನ್ನೂ ಆಚೆ ಎಸೆದರು. ಗಂಟೆ ಹೊಡೆಯಿತು. ಡಂಡಿ ಅವನನ್ನು ಎಬ್ಬಿಸಿ, ಬೆನ್ನಿಗೆ ಕೈಯಿಟ್ಟು ರಿಂಗಿನೊಳಗೆ ನೂಕಿಯೇಬಿಟ್ಟರು. ಅವರು ಹೇಳಿಕೊಟ್ಟ ಯುದ್ಧತಂತ್ರ ಒಂದೇ: ಓಡು. ಐದನೇ ಸುತ್ತಿನಲ್ಲಿ ಕ್ಲೇ ಎಡಗೈ ಮುಂದೆ ಚಾಚಿಕೊಂಡು, ಲಿಸ್ಟನ್ ತಲೆ ಎಲ್ಲಿದೆಯೆಂದು ತಡವುತ್ತಾ, ಸುತ್ತು ಪೂರ್ತಿ ತಪ್ಪಿಸಿಕೊಂಡ. ಅಷ್ಟರಲ್ಲಿ ಕಣ್ಣು ತಿಳಿಯಾಯಿತು. ಏಳನೇ ಸುತ್ತಿಗೆ ಲಿಸ್ಟನ್ ಸ್ಟೂಲಿನಿಂದ ಏಳಲೇ ಇಲ್ಲ. ಭುಜದ ಗಾಯ ಎಂದ. ಬೆಳಗಿನ 120ರ ನಾಡಿ ನಾಟಕವಾದರೆ ರಾತ್ರಿಯ ಈ ಭಯ ಅಪ್ಪಟ. ಅಂಥ ಹೊತ್ತಿನಲ್ಲಿ ಚಾಂಪಿಯನ್ ಪಟ್ಟ ಗೆಲ್ಲಿಸಿದ ಆತ್ಮವಿಶ್ವಾಸ ಕ್ಲೇಯದಲ್ಲ, ಡಂಡಿಯದು ಎನ್ನಬೇಕು.

◆ ಎರಡು ವಾರ ಕಳೆಯುವುದರೊಳಗೆ, ಮಾರ್ಚ್ 6ರಂದು, ಆ ಹುಡುಗನಿಗೆ ಹೊಸ ಹೆಸರು ಬಂತು: ಮುಹಮ್ಮದ್ ಅಲಿ.

◆ ಅಲಿಗೆ ಬಡಾಯಿಯ ಪಾಠ ಹೇಳಿದ ಗುರು ಬಾಕ್ಸರ್ ಅಲ್ಲ, ಕುಸ್ತಿಯವನು. ಹೆಸರು ಗಾರ್ಜಿಯಸ್ ಜಾರ್ಜ್. ಹೊಂಬಣ್ಣದ ಗುಂಗುರು ಕೂದಲು, ಜರಿ ನಿಲುವಂಗಿ. ರಿಂಗಿಗೆ ಇಳಿಯುವ ಮೊದಲು ಸುಗಂಧ ಸಿಂಪಡಿಸಲು ಬೇರೆ ಆಳು! 1961ರಲ್ಲಿ ಲಾಸ್ ವೇಗಸ್‌ನಲ್ಲಿ ಅಲಿ ಅವನನ್ನು ಕಂಡ. ಅವನು ಸೋಲುವುದನ್ನು ನೋಡುವ ಆಸೆಗೇ ಜನ ದುಡ್ಡು ಕೊಟ್ಟು ಟಿಕೆಟ್ ಕೊಳ್ಳುತ್ತಿದ್ದುದನ್ನೂ ಕಂಡ. ಬೈದುಕೊಂಡು ಬಂದರೇನು, ಮೆಚ್ಚಿಕೊಂಡು ಬಂದರೇನು, ಟಿಕೆಟ್ ಬೆಲೆ ಒಂದೇ.

◆ ಲಿಸ್ಟನ್ ಪಂದ್ಯಕ್ಕೆ ಒಂದು ವಾರ ಮೊದಲು ಬ್ರಿಟನ್ನಿನ ನಾಲ್ವರು ಹಾಡುಗಾರ ಹುಡುಗರು ಅಲಿಯ ಜಿಮ್‌ಗೆ ಬಂದು ಫೋಟೋ ತೆಗೆಸಿಕೊಂಡರು. ಅವರಿಗೆ ಮೊದಲು ಬೇಕಾಗಿದ್ದದ್ದು ಚಾಂಪಿಯನ್ ಲಿಸ್ಟನ್. ಅವನು ಒಲ್ಲೆ ಎಂದ ಮೇಲೆ ಅಲಿ ಹತ್ತಿರ ಬಂದದ್ದು. ಆ ಹುಡುಗರು ಬೀಟಲ್ಸ್.

◆ ಯಾವ ಸುತ್ತಿನಲ್ಲಿ ಕೆಡವುತ್ತೇನೆ ಎಂದು ಅಲಿ ಮುಂಚೆಯೇ ಸಾರುತ್ತಿದ್ದನಲ್ಲ, ಆ ಭವಿಷ್ಯ ಎಷ್ಟು ಸರಿ ಹೋಯಿತು? 1962ರಲ್ಲಿ ಹಳೆಯ ಹುಲಿ ಆರ್ಚಿ ಮೂರ್ ನಾಲ್ಕನೇ ಸುತ್ತಿಗೆ ಬೀಳುತ್ತಾನೆ ಎಂದ, ಬಿದ್ದ. 1963ರ ಮಾರ್ಚ್‌ನಲ್ಲಿ ಡಗ್ ಜೋನ್ಸ್‌ಗೆ ಮೊದಲು ಆರು ಎಂದ, ಆಮೇಲೆ ನಾಲ್ಕಕ್ಕೆ ಇಳಿಸಿದ. ಆ ಪುಣ್ಯಾತ್ಮ ಹತ್ತೂ ಸುತ್ತು ನಿಂತು ಅಲಿಗೆ ಬೆವರಿಳಿಸಿದ. ಅಂಕದ ಮೇಲೆ ಗೆದ್ದರೂ ಅಲಿಯನ್ನು ಜನ ಹಂಗಿಸಿದರು. ಮೂರು ತಿಂಗಳ ನಂತರ ಲಂಡನ್ನಿನ ವೆಂಬ್ಲಿಯಲ್ಲಿ ಹೆನ್ರಿ ಕೂಪರ್‌ಗೆ ಐದು ಎಂದ. ನಾಲ್ಕನೇ ಸುತ್ತಿನ ಕೊನೆಗೆ ಕೂಪರ್‌ನ ಎಡಗೈ ಹುಕ್‌ಗೆ ಅಲಿಯೇ ನೆಲ ಕಂಡ! ಗಂಟೆ ಕಾಪಾಡಿತು. ಗ್ಲೌಸ್‌ನ ಹೊಲಿಗೆ ಬಿಟ್ಟಿದೆ ಎಂದು ಡಂಡಿ ರೆಫರಿಗೆ ತೋರಿಸಿ ಇನ್ನಷ್ಟು ಉಸಿರು ಎಳೆದುಕೊಳ್ಳುವಂತೆ ಮಾಡಿದರು. ಐದನೇ ಸುತ್ತಿನಲ್ಲಿ ಕೂಪರ್ ಹುಬ್ಬಿನ ಗಾಯದಿಂದ ರಕ್ತ ಧಾರಾಕಾರ ಸುರಿದು ಪಂದ್ಯ ನಿಂತಿತು. ಭವಿಷ್ಯವೇನೋ ನಿಜವಾಯಿತು, ಆದರೆ ಯಾವ ಜ್ಯೋತಿಷಿಯೂ ಅಷ್ಟು ಪೆಟ್ಟು ತಿಂದಿರಲಾರ.

◆ 1971ರ ಮಾರ್ಚ್ 8ರಂದು ಜೋ ಫ್ರೇಜಿಯರ್ ವಿರುದ್ಧದ ಪಂದ್ಯಕ್ಕೆ ಅಲಿ ತನ್ನ ಭವಿಷ್ಯವನ್ನು ಲಕೋಟೆಯಲ್ಲಿ ಮುಚ್ಚಿಟ್ಟಿದ್ದ. ಫ್ರೇಜಿಯರ್ ಆರನೇ ಸುತ್ತಿಗೆ ಬೀಳುತ್ತಾನೆ ಎಂದಿತ್ತು ಒಳಗೆ. ಪಂದ್ಯ ಹದಿನೈದು ಸುತ್ತೂ ನಡೆಯಿತು. ಕೊನೆಯ ಸುತ್ತಿನಲ್ಲಿ ಬಿದ್ದವನು ಅಲಿ, ಗೆದ್ದವನು ಫ್ರೇಜಿಯರ್. ಅಂದು ರಿಂಗ್ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಲೈಫ್ ಪತ್ರಿಕೆಗೆ ಫೋಟೋ ತೆಗೆಯುತ್ತಿದ್ದವರು ಗಾಯಕ ಫ್ರಾಂಕ್ ಸಿನಾತ್ರಾ.

ಇನ್ನೊಂದು ಮಾತು ಹೇಳಲೇಬೇಕು. ಅಲಿಗೆ ಬಾಕ್ಸಿಂಗ್ ಪರವಾನಗಿ ಇಲ್ಲದ ಕಾಲದಲ್ಲಿ ಅವನ ಪರ ಮಾತಾಡಿದವರಲ್ಲಿ ಈ ಫ್ರೇಜಿಯರೂ ಒಬ್ಬ. ಅಂಥವನನ್ನು 1975ರ ಮನಿಲಾ ಪಂದ್ಯದ ಮುಂಚೆ ಅಲಿ ಗೊರಿಲ್ಲಾ ಎಂದು ಕರೆದ, ರಬ್ಬರ್ ಗೊಂಬೆ ಹಿಡಿದು ಪತ್ರಕರ್ತರ ಮುಂದೆ ಗುದ್ದಿ ನಗಿಸಿದ. ಟಿಕೆಟ್ ಮಾರಲು ಹೇಳಿದ್ದು ಎಂದು ಆಮೇಲೆ ಸಮಜಾಯಿಷಿ ಕೊಟ್ಟರೂ ಫ್ರೇಜಿಯರ್ ಮನಸ್ಸಿನ ಗಾಯ ದಶಕಗಳ ಕಾಲ ಮಾಯಲಿಲ್ಲ. ನಾವು ಅಲಿಯ ಅಭಿಮಾನಿಗಳು ಈ ಪುಟವನ್ನು ಬೇಗ ತಿರುವಿಬಿಡುತ್ತೇವೆ.

◆ ಮಾತೇ ಆಡದೆ ಹೆದರಿಸುವುದು ಹೇಗೆಂದು ಲಿಸ್ಟನ್‌ಗೆ ಗೊತ್ತಿತ್ತು. ಮೊದಲೇ ಆನೆಯಂಥ ಮೈ. ಅದು ಸಾಲದೆಂದು ನಿಲುವಂಗಿಯ ಒಳಗೆ ಟವೆಲ್ ತುರುಕಿಕೊಂಡು ಭುಜ ಉಬ್ಬಿಸಿ ರಿಂಗಿಗೆ ಬರುತ್ತಿದ್ದ. ಆಮೇಲೆ ಎವೆಯಿಕ್ಕದ ನೋಟ. ಆ ನೋಟವನ್ನು ಹತ್ತಿರದಿಂದ ನೋಡಿ ಕಲಿತ ಹುಡುಗನೊಬ್ಬ ಇದ್ದ. ಲಿಸ್ಟನ್ ಜೊತೆ ಅಭ್ಯಾಸ ಮಾಡುತ್ತಿದ್ದ ಅವನ ಹೆಸರು ಜಾರ್ಜ್ ಫೋರ್‌ಮನ್.

◆ 1962ರಲ್ಲಿ ಲಿಸ್ಟನ್‌ಗೆ ಎದುರಾದ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್ ಪಂದ್ಯಕ್ಕೆ ಬರುವಾಗ ಏನು ತಂದಿದ್ದ ಗೊತ್ತೇ? ಸುಳ್ಳು ಗಡ್ಡ, ಸುಳ್ಳು ಮೀಸೆ! ಸೋತರೆ ಮುಖ ಮರೆಸಿಕೊಂಡು ಹೋಗಲಿಕ್ಕೆ. ಷಿಕಾಗೊದಲ್ಲಿ 2 ನಿಮಿಷ 6 ಸೆಕೆಂಡಿಗೆ ಸೋತ. ಗಡ್ಡ ಅಂಟಿಸಿಕೊಂಡು ಕಾರಿನಲ್ಲಿ ಊರು ಬಿಟ್ಟ. ಮುಂದೆ ವೇಷದಲ್ಲೇ ಸ್ಪೇನಿನ ಮ್ಯಾಡ್ರಿಡ್‌ಗೂ ಹೋಗಿಬಂದ. ಮರುವರ್ಷ ಮತ್ತೆ ಲಿಸ್ಟನ್ ಎದುರು ನಿಂತ. ಈ ಸಲ 2 ನಿಮಿಷ 10 ಸೆಕೆಂಡ್. ನಗು ಬರುತ್ತದೆ ನಿಜ. ಆದರೆ 21ನೇ ವಯಸ್ಸಿಗೆ ಹೆವಿವೇಟ್ ಪಟ್ಟ ಗೆದ್ದವನೂ, ಕಳೆದುಕೊಂಡ ಹೆವಿವೇಟ್ ಪಟ್ಟವನ್ನು ಮರಳಿ ಗೆದ್ದ ಮೊದಲಿಗನೂ ಇದೇ ಪ್ಯಾಟರ್ಸನ್.

◆ ಪ್ಯಾಟರ್ಸನ್‌ನನ್ನು ಬೆಳೆಸಿದ ಗುರು ಕಸ್ ಡಮಾಟೊ ಬಹಳ ವರ್ಷಗಳ ಮೇಲೆ ಇನ್ನೊಬ್ಬ ಹುಡುಗನನ್ನು ಸಾಕಿದರು: ಮೈಕ್ ಟೈಸನ್. ಭಯ ಬೆಂಕಿ ಇದ್ದ ಹಾಗೆ, ಹಿಡಿತದಲ್ಲಿಟ್ಟರೆ ಅಡುಗೆ, ಕೈಮೀರಿದರೆ ಮನೆಗೇ ಕಿಚ್ಚು ಎಂಬುದು ಅವರು ಶಿಷ್ಯರಿಗೆ ಹೇಳುತ್ತಿದ್ದ ಪಾಠದ ಸಾರ. ವೀರನಿಗೂ ಹೇಡಿಗೂ ಆಗುವ ಹೆದರಿಕೆ ಒಂದೇ, ಮಾಡುವ ಕೆಲಸ ಬೇರೆ ಎಂದೂ ಹೇಳುತ್ತಿದ್ದರು. 1982ರಲ್ಲಿ ಕಿರಿಯರ ರಾಷ್ಟ್ರೀಯ ಕೂಟವೊಂದರಲ್ಲಿ ಪಂದ್ಯಕ್ಕೆ ಮೊದಲು ಹೊರಗೆ ನಿಂತು ಟೈಸನ್ ಕೋಚ್ ಟೆಡ್ಡಿ ಅಟ್ಲಾಸ್ ಭುಜಕ್ಕೊರಗಿ ಗಳಗಳ ಅತ್ತ ದೃಶ್ಯ ಫಿಲ್ಮಿನಲ್ಲಿ ಉಳಿದಿದೆ. ಸೋತರೆ ಯಾರಿಗೂ ಬೇಡವಾಗುತ್ತೇನೆ ಎಂಬ ಅಳು. ಆಮೇಲೆ ಒಳಗೆ ಹೋಗಿ ಎದುರಾಳಿಯನ್ನು ಕೆಡವಿದ.

◆ ಡ್ರೆಸಿಂಗ್ ರೂಮಿನಲ್ಲಿ ಜೀವ ಬಾಯಿಗೆ ಬಂದಿರುತ್ತದೆ, ರಿಂಗ್ ಹತ್ತಿರ ಹತ್ತಿರ ಬಂದಂತೆ ಧೈರ್ಯ ಬೆಳೆಯುತ್ತದೆ, ಒಳಗೆ ಕಾಲಿಟ್ಟಾಗ ತಾನು ದೇವರು ಎನ್ನಿಸುತ್ತದೆ ಎಂದು ಟೈಸನ್ ಮುಂದೆ 2008ರ ಸಾಕ್ಷ್ಯಚಿತ್ರದಲ್ಲಿ ವಿವರಿಸಿದ. ಎದುರಾಳಿಗೆ ಕಾಣುತ್ತಿದ್ದದ್ದು ಮಾತ್ರ ಕಪ್ಪು ಚಡ್ಡಿ, ಕಾಲುಚೀಲ ಇಲ್ಲದ ಕಪ್ಪು ಶೂ, ನಿಲುವಂಗಿ ಇಲ್ಲದ ಬರಿಮೈ. 1988ರ ಜೂನ್ 27ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಮೈಕೆಲ್ ಸ್ಪಿಂಕ್ಸ್ ಅದನ್ನು ನೋಡಿದ. ಅದುವರೆಗೆ ಒಂದೂ ಪಂದ್ಯ ಸೋಲದ ಸ್ಪಿಂಕ್ಸ್ 91 ಸೆಕೆಂಡಿಗೆ ಮಲಗಿದ. ಮತ್ತೆಂದೂ ರಿಂಗಿಗೆ ಇಳಿಯಲಿಲ್ಲ.

◆ ಟೈಸನ್ ಸೋಲುವುದು ಎಷ್ಟು ಅಸಾಧ್ಯ ಎನ್ನಿಸಿತ್ತು ಗೊತ್ತೇ? 1990ರ ಫೆಬ್ರವರಿ 11ರ ಟೋಕಿಯೊ ಪಂದ್ಯಕ್ಕೆ ಲಾಸ್ ವೇಗಸ್‌ನ ಬಹುತೇಕ ಕ್ಯಾಸಿನೊಗಳು ಬಾಜಿಯನ್ನೇ ತೆಗೆದುಕೊಳ್ಳಲಿಲ್ಲ. ಮಿರಾಜ್ ಕ್ಯಾಸಿನೊ ಮಾತ್ರ ತೆಗೆದುಕೊಂಡಿತು, 42ಕ್ಕೆ 1ರಂತೆ. ಎದುರಾಳಿ ಬಸ್ಟರ್ ಡಗ್ಲಾಸ್‌ನ ತಾಯಿ ತೀರಿಕೊಂಡು ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಪಂದ್ಯ ಮುಂದೂಡಿ ಎಂದು ಅವನು ಕೇಳಲಿಲ್ಲ. ಇತ್ತ ಟೈಸನ್‌ನನ್ನು ಅಭ್ಯಾಸದಲ್ಲೇ ಗ್ರೆಗ್ ಪೇಜ್ ಎಂಬ ಬಾಕ್ಸರ್ ಒಮ್ಮೆ ಕೆಡವಿದ್ದ. ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಆ ಪಾಳಯದ ಅತಿವಿಶ್ವಾಸಕ್ಕೆ ಸಾಕ್ಷಿ ಬೇಕೇ? ಬಾಕ್ಸರ್ ಕಣ್ಣು ಊದಿಕೊಂಡರೆ ಒತ್ತಿ ಇಳಿಸಲು ಮಂಜಿನಲ್ಲಿಟ್ಟ ಚಿಕ್ಕ ಲೋಹದ ತುಂಡೊಂದು ಪ್ರತಿ ಮೂಲೆಯಲ್ಲೂ ಇರುತ್ತದೆ. ಟೈಸನ್ ಕಡೆಯವರು ಅದನ್ನು ತಂದೇ ಇರಲಿಲ್ಲ! ಟೈಸನ್ ಕಣ್ಣು ಊದುವುದೆಂದರೇನು? ಐದಾರು ಸುತ್ತು ಕಳೆದು ಎಡಗಣ್ಣು ಮುಚ್ಚಿಕೊಳ್ಳತೊಡಗಿದಾಗ ರಬ್ಬರ್ ಕೈಗವಸಿಗೆ ಐಸ್ ನೀರು ತುಂಬಿ, ಬಾಯಿ ಕಟ್ಟಿ, ಕಣ್ಣಿಗೆ ಒತ್ತಿದರು. ನಲವತ್ತು ರೂಪಾಯಿ ಟಿಕೆಟಿನ ಊರ ಪಂದ್ಯದಲ್ಲೂ ಇಂಥ ಎಡವಟ್ಟು ಆಗಲಿಕ್ಕಿಲ್ಲ. ಎಂಟನೇ ಸುತ್ತಿನ ಕೊನೆಗೆ ಟೈಸನ್ ಒಂದು ಅಪ್ಪರ್‌ಕಟ್‌ನಲ್ಲಿ ಡಗ್ಲಾಸ್‌ನನ್ನು ಕೆಡವಿದ ನಿಜ. ರೆಫರಿ ಒಂಬತ್ತು ಎನ್ನುವಷ್ಟರಲ್ಲಿ ಅವನು ಎದ್ದ. ಹತ್ತನೇ ಸುತ್ತಿನಲ್ಲಿ ಟೈಸನ್ ಬಿದ್ದ. ಅಂಬೆಗಾಲಿನಲ್ಲಿ ತಡಕಾಡಿ, ಬಾಯಿಂದ ಜಾರಿದ ಮೌತ್‌ಪೀಸನ್ನು ಹೇಗೋ ಹಲ್ಲಿಗೆ ಸಿಕ್ಕಿಸಿಕೊಳ್ಳಲು ನೋಡುತ್ತಿದ್ದಾಗ ಎಣಿಕೆ ಮುಗಿಯಿತು.

ಗೆದ್ದವನ ಕಥೆಯೂ ಹೆಚ್ಚು ದಿನ ನಡೆಯಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಬಂದಾಗ ಡಗ್ಲಾಸ್ ತೂಕ 246 ಪೌಂಡ್, ಟೋಕಿಯೊದಲ್ಲಿದ್ದದ್ದಕ್ಕಿಂತ 14 ಪೌಂಡಿನಷ್ಟು ಹೆಚ್ಚು. ಮೂರನೇ ಸುತ್ತಿಗೇ ಮಲಗಿದ.

◆ ಬಾಜಿಕಾರರ ಲೆಕ್ಕ ತಪ್ಪಿದ ಇನ್ನಷ್ಟು ಪಂದ್ಯಗಳು, ಓಡುವ ಓಟದಲ್ಲಿ: 1935ರಲ್ಲಿ ರಿಂಗಿನಲ್ಲಿ ಕೋಡಂಗಿ ಆಟ ಆಡುತ್ತಿದ್ದ ಚಾಂಪಿಯನ್ ಮ್ಯಾಕ್ಸ್ ಬೇರ್‌ನನ್ನು ಸೋಲಿಸಿದ ಜೇಮ್ಸ್ ಬ್ರಾಡಕ್ ಅದಕ್ಕೆ ಸ್ವಲ್ಪವೇ ಮೊದಲು ಸರ್ಕಾರಿ ನೆರವಿನಲ್ಲಿ ಸಂಸಾರ ಸಾಗಿಸುತ್ತಿದ್ದವನು, ಆ ಹಣವನ್ನು ಆಮೇಲೆ ಸರ್ಕಾರಕ್ಕೆ ಹಿಂದಿರುಗಿಸಿದ. 1978ರ ಫೆಬ್ರವರಿಯಲ್ಲಿ ಅಲಿಯಿಂದ ಪಟ್ಟ ಕಸಿದ ಲಿಯಾನ್ ಸ್ಪಿಂಕ್ಸ್ ಅದಕ್ಕೆ ಮೊದಲು ಆಡಿದ್ದ ವೃತ್ತಿಪರ ಪಂದ್ಯಗಳು ಬರೀ ಏಳು. 2001ರ ಏಪ್ರಿಲ್‌ನಲ್ಲಿ ಲೆನಾಕ್ಸ್ ಲೂಯಿಸ್‌ನನ್ನು ಐದನೇ ಸುತ್ತಿಗೆ ಮಲಗಿಸಿದ ಹಸೀಮ್ ರಹಮಾನ್ ಮೇಲಿದ್ದ ಬಾಜಿ 20ಕ್ಕೆ 1.

◆ ಆ ಲೂಯಿಸ್ ಸೋಲಿನ ಹಿಂದೆ ಒಂದು ಸಿನಿಮಾ ಇದೆ. ಪಂದ್ಯವಿದ್ದದ್ದು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಬಳಿ, ಸಮುದ್ರ ಮಟ್ಟದಿಂದ ಸಾವಿರದ ಆರುನೂರು ಮೀಟರ್‌ನಷ್ಟು ಎತ್ತರದಲ್ಲಿ. ಅಲ್ಲಿನ ತೆಳುಗಾಳಿಗೆ ಉಸಿರು ಒಗ್ಗಲು ವಾರಗಳು ಬೇಕು. ರಹಮಾನ್ ಬೇಗನೆ ಹೋಗಿ ಬೀಡುಬಿಟ್ಟ. ಚಾಂಪಿಯನ್ ಸಾಹೇಬರು ಲಾಸ್ ವೇಗಸ್‌ನಲ್ಲಿ ‘ಓಷನ್ಸ್ ಇಲೆವೆನ್’ ಚಿತ್ರದ ಶೂಟಿಂಗ್ ಮುಗಿಸಿಕೊಂಡು ತಡವಾಗಿ ಬಂದಿಳಿದರು. ಆ ಚಿತ್ರದಲ್ಲೂ ಅವರ ಪಾತ್ರ ಬಾಕ್ಸರ್‌ದೇ.

◆ ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಗೆ ಆಂಡಿ ರೂಯಿಸ್ ಉಲ್ಟಾ. 2019ರ ಜೂನ್ 1ರಂದು ನ್ಯೂಯಾರ್ಕ್‌ನಲ್ಲಿ ಆಂಟನಿ ಜೋಶುವಾ ಎದುರು ಆಡಬೇಕಿದ್ದ ಬಾಕ್ಸರ್ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಕೊನೆ ಗಳಿಗೆಯಲ್ಲಿ ಕರೆ ಬಂದದ್ದು ಹೊಟ್ಟೆ ಮುಂದೆ ಬಂದ, ನಗುಮೊಗದ ರೂಯಿಸ್‌ಗೆ. ಪತ್ರಿಕಾಗೋಷ್ಠಿಯಲ್ಲಿ ಜೋಶುವಾ ತನ್ನ ಬೆಲ್ಟನ್ನು ಅವನ ಕೈಗೆ ಕೊಟ್ಟು ಫೋಟೋಗೆ ಹಿಡಿದುಕೊಳ್ಳಲು ಬಿಟ್ಟ. ಏಳನೇ ಸುತ್ತಿಗೆ ಬೆಲ್ಟುಗಳೆಲ್ಲ ನಿಜಕ್ಕೂ ರೂಯಿಸ್ ಪಾಲಾದವು. ಆರು ತಿಂಗಳ ನಂತರ ಸೌದಿ ಅರೇಬಿಯದಲ್ಲಿ ಮರುಪಂದ್ಯ. ಮೊದಲ ಸಲ 268 ಪೌಂಡ್ ಇದ್ದ ರೂಯಿಸ್ ಈ ಸಲ 283 ಪೌಂಡ್! ಬೆಲ್ಟುಗಳು ವಾಪಸ್. ಪಾರ್ಟಿ ಜಾಸ್ತಿಯಾಯಿತು ಎಂದು ಅವನೇ ಒಪ್ಪಿಕೊಂಡ.

◆ ಈ ಬಡಾಯಿ ಪರಂಪರೆಯ ಆದಿಪುರುಷ ಜಾನ್ ಎಲ್. ಸುಲಿವಾನ್. ಸಾರಾಯಿ ಅಂಗಡಿಗೆ ನುಗ್ಗಿ, ಇಲ್ಲಿರುವ ಯಾರನ್ನು ಬೇಕಾದರೂ ಹೊಡೆದು ಹಾಕುತ್ತೇನೆ ಎಂದು ತೊಡೆ ತಟ್ಟುತ್ತಿದ್ದವನು. 1883–84ರಲ್ಲಿ ಅಮೆರಿಕ ಸುತ್ತಿ, ತನ್ನೆದುರು ನಾಲ್ಕು ಸುತ್ತು ನಿಂತವರಿಗೆ ಬಹುಮಾನ ಎಂದು ಊರೂರಲ್ಲಿ ಸವಾಲು ಹಾಕಿದ. 1889ರಲ್ಲಿ ಗ್ಲೌಸ್ ಇಲ್ಲದ ಬರಿಗೈ ಪಂದ್ಯದಲ್ಲಿ ಜೇಕ್ ಕಿಲ್ರೇನ್ ಎಂಬುವನನ್ನು ಬಿಸಿಲಿನಲ್ಲಿ 75 ಸುತ್ತು ಬಡಿದು ಗೆದ್ದ. ಅಲ್ಲಿಂದ ಮೂರು ವರ್ಷ ಪಟ್ಟದ ಪಂದ್ಯವೇ ಇಲ್ಲ; ನಾಟಕದಲ್ಲಿ ಪಾತ್ರ, ಬಾಟಲಿಯ ಸಹವಾಸ. 1892ರಲ್ಲಿ ಪತ್ರಿಕೆಗಳಲ್ಲಿ ಬಹಿರಂಗ ಸವಾಲು ಎಸೆದು, ಪಣವೇ 10,000 ಡಾಲರ್ ಎಂದ. ಒಪ್ಪಿ ಬಂದದ್ದು ಸ್ಯಾನ್ ಫ್ರಾನ್ಸಿಸ್ಕೊದ ಮಾಜಿ ಬ್ಯಾಂಕ್ ಗುಮಾಸ್ತ ಜೇಮ್ಸ್ ಕಾರ್ಬೆಟ್. ನ್ಯೂ ಆರ್ಲಿಯನ್ಸ್‌ನಲ್ಲಿ 21ನೇ ಸುತ್ತಿಗೆ ಸುಲಿವಾನ್ ನೆಲಕ್ಕೆ.

◆ ಆ ಕಾರ್ಬೆಟ್ ಮಹಾಶಯ 1910ರ ಜುಲೈ 4ರಂದು ರೀನೋ ಪಟ್ಟಣದಲ್ಲಿ ಬಿಳಿಯ ಬಾಕ್ಸರ್ ಜೇಮ್ಸ್ ಜೆಫ್ರೀಸ್ ಮೂಲೆಯಲ್ಲಿ ನಿಂತು, ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್‌ನನ್ನು ಬಾಯಿಗೆ ಬಂದಂತೆ ಹಂಗಿಸುತ್ತಿದ್ದ. ಇಡೀ ಮೈದಾನ ಜಾನ್ಸನ್ ಸೋಲಿಗೆ ಕಾದಿತ್ತು. ಜಾನ್ಸನ್ ಮಾಡಿದ್ದೇನು? ಜೆಫ್ರೀಸ್‌ಗೆ ಗುದ್ದುತ್ತಲೇ ನಗುನಗುತ್ತಾ ಕಾರ್ಬೆಟ್ ಜೊತೆ ಹರಟೆ ಹೊಡೆದ. ಹದಿನೈದನೇ ಸುತ್ತಿಗೆ ಪಂದ್ಯ ಮುಗಿಯಿತು. ಆ ನಗುವಿಗೆ ಅಮೆರಿಕ ಕೊಟ್ಟ ಉತ್ತರ ಹಲವು ಊರುಗಳಲ್ಲಿ ದಂಗೆ, ಕಪ್ಪು ಜನರ ಕೊಲೆ. ಪಂದ್ಯದ ಚಿತ್ರವನ್ನು ಎಷ್ಟೋ ಕಡೆ ತೋರಿಸಲು ಬಿಡಲಿಲ್ಲ. 1912ರಲ್ಲಿ ಬಾಕ್ಸಿಂಗ್ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದೇ ಅಪರಾಧವಾಯಿತು. ಅಲಿಯ ಬಾಯಿಗಿಂತ ಜಾನ್ಸನ್‌ನ ನಗು ದೊಡ್ಡ ಧೈರ್ಯ ಎಂಬುದು ನನ್ನ ಅಭಿಪ್ರಾಯ.

◆ ಪುಸ್ತಕ ಓದುವ ಬಾಕ್ಸರ್ ಗೆಲ್ಲಬಹುದೇ? 1926ರಲ್ಲಿ ಜೀನ್ ಟನಿ ತರಬೇತಿ ಶಿಬಿರದಲ್ಲಿ ಸ್ಯಾಮ್ಯುಯಲ್ ಬಟ್ಲರ್‌ನ ಕಾದಂಬರಿ ಓದುತ್ತಿದ್ದ ಸುದ್ದಿ ಕೇಳಿ ಚಾಂಪಿಯನ್ ಜ್ಯಾಕ್ ಡೆಂಪ್ಸಿ ಪಾಳಯ ಬಿದ್ದು ಬಿದ್ದು ನಕ್ಕಿತು. ಡೆಂಪ್ಸಿ ತನ್ನನ್ನು ಚಚ್ಚುವ ಕನಸಿಗೆ ನಡುರಾತ್ರಿ ಎಚ್ಚೆತ್ತರೆ ಮಂಚವೇ ನಡುಗುತ್ತಿತ್ತು, ಆ ಮೇಲೆ ಪತ್ರಿಕೆ ಓದುವುದನ್ನೇ ಬಿಟ್ಟೆ ಎಂದು ಟನಿಯೇ ಬರೆದುಕೊಂಡಿದ್ದಾನೆ. ಪಂದ್ಯದ ದಿನ ಪುಟ್ಟ ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಬಂದು, ವಾಂತಿ ಬರಿಸಿಕೊಂಡು ಮುಖ ಬಿಳುಚಿ ಇಳಿದ. ರಾತ್ರಿ ಒಂದು ಲಕ್ಷ ಇಪ್ಪತ್ತು ಸಾವಿರ ಜನರ ಮುಂದೆ ಹತ್ತು ಸುತ್ತೂ ಡೆಂಪ್ಸಿಯನ್ನು ಆಟ ಆಡಿಸಿ ಗೆದ್ದ.

◆ ಜೋ ಲೂಯಿಸ್ 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ವಿರುದ್ಧದ ಪಂದ್ಯಕ್ಕೆ ಮುಂಚೆ ಹೊಸ ಹುಚ್ಚು ಹತ್ತಿಸಿಕೊಂಡಿದ್ದ: ಗಾಲ್ಫ್. ಶ್ಮೆಲಿಂಗ್ ಆ ಹೊತ್ತಿಗೆ ಲೂಯಿಸ್ ಪಂದ್ಯಗಳ ಫಿಲ್ಮ್ ನೋಡುತ್ತಾ ಕೂತಿದ್ದ. ಎಡಗೈ ಜಾಬ್ ಹೊಡೆದ ಮೇಲೆ ಲೂಯಿಸ್ ಕೈ ಕೆಳಗಿಳಿಯುತ್ತದೆ ಎಂಬುದು ಅವನ ಕಣ್ಣಿಗೆ ಬಿತ್ತು. ಹನ್ನೆರಡನೇ ಸುತ್ತಿಗೆ ಲೂಯಿಸ್ ಬಿದ್ದ. ಮರುವರ್ಷ ಚಾಂಪಿಯನ್ ಆದರೂ, ಶ್ಮೆಲಿಂಗ್‌ನನ್ನು ಸೋಲಿಸುವವರೆಗೆ ನನ್ನನ್ನು ಚಾಂಪಿಯನ್ ಎನ್ನಬೇಡಿ ಎಂದ. 1938ರ ಜೂನ್ 22ರಂದು ಎಂದಿಗಿಂತ ಹೆಚ್ಚು ಹೊತ್ತು ಡ್ರೆಸಿಂಗ್ ರೂಮಿನಲ್ಲೇ ಬೆವರು ಹರಿಸಿ ರಿಂಗಿಗೆ ಬಂದವನು 124 ಸೆಕೆಂಡಿನಲ್ಲಿ ಲೆಕ್ಕ ಚುಕ್ತಾ ಮಾಡಿದ.

◆ 1941ರಲ್ಲಿ ಅದೇ ಲೂಯಿಸ್ ಎದುರು ಬಿಲ್ಲಿ ಕಾನ್ ಹನ್ನೆರಡು ಸುತ್ತು ಮುಗಿದಾಗ ಅಂಕದಲ್ಲಿ ಮುಂದಿದ್ದ. ಉಳಿದ ಮೂರು ಸುತ್ತು ತಪ್ಪಿಸಿಕೊಂಡು ತಿರುಗಿದ್ದರೆ ಸಾಕಿತ್ತು. ಇಲ್ಲ, ನಾಕೌಟೇ ಮಾಡುತ್ತೇನೆ ಎಂದು ಹದಿಮೂರನೇ ಸುತ್ತಿನಲ್ಲಿ ಮೈಮೇಲೆ ಹೋದ. ಆ ಸುತ್ತು ಮುಗಿಯಲು ಎರಡು ಸೆಕೆಂಡ್ ಇರುವಾಗ ಎಣಿಕೆ ಮುಗಿಯಿತು, ಕಾನ್‌ನದು.

◆ ರಾಕಿ ಮಾರ್ಸಿಯಾನೊ ಪಂದ್ಯ ಹತ್ತಿರವಾದಂತೆ ಪತ್ರ ಓದುತ್ತಿರಲಿಲ್ಲ, ಫೋನ್ ಎತ್ತುತ್ತಿರಲಿಲ್ಲ, ಹೊಸಬರನ್ನು ಭೇಟಿಯಾಗುತ್ತಿರಲಿಲ್ಲ. 49 ಪಂದ್ಯ, 49 ಗೆಲುವು.

◆ ಸ್ವೀಡನ್ನಿನ ಇಂಗೆಮಾರ್ ಜೊಹಾನ್ಸನ್ 1959ರಲ್ಲಿ ಪ್ಯಾಟರ್ಸನ್ ಪಂದ್ಯದ ಶಿಬಿರಕ್ಕೆ ಮನೆಮಂದಿಯನ್ನೂ, ಮದುವೆಯಾಗಲಿದ್ದ ಹುಡುಗಿಯನ್ನೂ ಕರೆತಂದಿದ್ದ. ಬಲಗೈ ಸಿಡಿಲು ಎಂದು ಹೇಳಿಕೊಳ್ಳುತ್ತಿದ್ದನೇ ಹೊರತು ಅಭ್ಯಾಸದಲ್ಲಿ ಅದನ್ನು ಒಮ್ಮೆಯೂ ತೋರಿಸಲಿಲ್ಲ. ಮೋಜಿಗೆ ಬಂದವನು ಎಂದು ಪತ್ರಕರ್ತರು ಗೇಲಿ ಮಾಡಿದರು. ಮೂರನೇ ಸುತ್ತೊಂದರಲ್ಲೇ ಪ್ಯಾಟರ್ಸನ್ ಏಳು ಸಲ ಬಿದ್ದ.

◆ 1974ರ ಅಕ್ಟೋಬರ್ 30, ಆಫ್ರಿಕದ ಜಾಯಿರ್ ದೇಶದ ಕಿನ್ಶಾಸಾ. ಅಮೆರಿಕದ ಟಿವಿ ವೇಳೆಗೆ ಹೊಂದಿಸಲು ಪಂದ್ಯ ಶುರುವಾದದ್ದು ಅಲ್ಲಿನ ಬೆಳಗಿನ ಜಾವ ನಾಲ್ಕಕ್ಕೆ. ಚಾಂಪಿಯನ್ ಫೋರ್‌ಮನ್ 25 ವರ್ಷದವನು. 40 ಪಂದ್ಯ, 40 ಗೆಲುವು, 37 ನಾಕೌಟ್. ಅಲಿಯನ್ನು ಸೋಲಿಸಿದ್ದ ಫ್ರೇಜಿಯರ್, ನಾರ್ಟನ್ ಇಬ್ಬರನ್ನೂ ಎರಡೆರಡೇ ಸುತ್ತಿನಲ್ಲಿ ಮಟ್ಟ ಹಾಕಿದ್ದ. 32ರ ಅಲಿಯ ಡ್ರೆಸಿಂಗ್ ರೂಮಿನಲ್ಲಿ ಸಾವಿನ ಮನೆಯ ಮೌನ. ಹುಡುಗರಿಗೆ ಧೈರ್ಯ ಹೇಳುತ್ತಿದ್ದವನು ಸ್ವತಃ ಅಲಿ! ಊರಿನ ಜನರಂತೂ ಎಂದೋ ಅಲಿ ಪರ. ಫೋರ್‌ಮನ್ ತನ್ನ ಜೊತೆ ಜರ್ಮನ್ ಷೆಪರ್ಡ್ ನಾಯಿ ತಂದಿದ್ದ. ಬೆಲ್ಜಿಯಂ ಆಳ್ವಿಕೆಯಲ್ಲಿ ಪೊಲೀಸರು ಛೂ ಬಿಡುತ್ತಿದ್ದ ನಾಯಿ ಅದೇ ಜಾತಿಯದು. ಅಲಿ ಹಗ್ಗಕ್ಕೊರಗಿ, ಕೈ ಅಡ್ಡ ಹಿಡಿದು, ಸುತ್ತುಗಟ್ಟಲೆ ಏಟು ತಿಂದ. ನಡುವೆ, ಇಷ್ಟೇನಾ ನಿನ್ನ ಶಕ್ತಿ ಎಂದು ಕಿವಿಯಲ್ಲಿ ಕೇಳಿದ. ಹೌದು, ಅಷ್ಟೇ ಉಳಿದಿತ್ತು ಎಂದು ಫೋರ್‌ಮನ್ ಮುಂದೆ ನಗುತ್ತಾ ಹೇಳುತ್ತಿದ್ದ. ಎಂಟನೇ ಸುತ್ತಿಗೆ ಬಿದ್ದ.

◆ ಇಪ್ಪತ್ತು ವರ್ಷಗಳ ನಂತರ, 1994ರ ನವೆಂಬರ್ 5ರಂದು, ಆ ಫೋರ್‌ಮನ್ ಕಿನ್ಶಾಸಾದಲ್ಲಿ ಸೋತಾಗ ತೊಟ್ಟಿದ್ದ ಕೆಂಪು ಚಡ್ಡಿಯನ್ನೇ ತೊಟ್ಟು ಬಂದು ಮೈಕೆಲ್ ಮೂರರ್‌ನನ್ನು ಕೆಡವಿದ. ವಯಸ್ಸು 45. ಹೆವಿವೇಟ್ ಪಟ್ಟ ಗೆದ್ದ ಅತಿ ಹಿರಿಯ ಎಂಬ ದಾಖಲೆ ಅವನದೇ. ಅಂದು ಅವನ ಮೂಲೆಯಲ್ಲಿ ನಿಂತಿದ್ದ ಹಿರಿಯರಲ್ಲಿ ಒಬ್ಬರು ಯಾರು ಬಲ್ಲಿರಾ? ಏಂಜೆಲೊ ಡಂಡಿ.

◆ 1980ರಲ್ಲಿ ಅಲಿ ನಮ್ಮ ಪಕ್ಕದ ಮದ್ರಾಸಿಗೆ ಬಂದು, ಎಂ.ಜಿ.ಆರ್. ಸಮ್ಮುಖದಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದ. ಅದೇ ವರ್ಷ ಅಕ್ಟೋಬರ್ 2ರಂದು ಲ್ಯಾರಿ ಹೋಮ್ಸ್ ಎದುರು ಇಳಿದಾಗ ಕೂದಲಿಗೆ ಬಣ್ಣ, ಸಪೂರ ಸೊಂಟ, 217 ಪೌಂಡ್ ತೂಕ. ಹತ್ತು ವರ್ಷ ಚಿಕ್ಕವನಂತೆ ಕಂಡ. ನೋಡಿದವರೆಲ್ಲ ಮರುಳಾದರು. ಆ ಸೊಂಟದ ಹಿಂದೆ ಥೈರಾಯ್ಡ್ ಮಾತ್ರೆಗಳಿದ್ದವು. ಅವು ತೂಕದ ಜೊತೆ ತ್ರಾಣವನ್ನೂ ಇಳಿಸಿದ್ದವು. ಹತ್ತು ಸುತ್ತು ಅಲಿ ಸುಮ್ಮನೆ ಏಟು ತಿಂದ. ಹನ್ನೊಂದಕ್ಕೆ ಕಳಿಸುವುದಿಲ್ಲ ಎಂದು ಪಂದ್ಯ ನಿಲ್ಲಿಸಿದ್ದೂ ಡಂಡಿಯೇ.

◆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬುದಕ್ಕೆ ಡಿಯೊಂಟೆ ವೈಲ್ಡರ್ ಉದಾಹರಣೆ. 2020ರ ಫೆಬ್ರವರಿ 22ರಂದು ಟೈಸನ್ ಫ್ಯೂರಿಗೆ ಏಳನೇ ಸುತ್ತಿನಲ್ಲಿ ಸೋತವನು, ರಿಂಗಿಗೆ ಬರುವಾಗ ತೊಟ್ಟ ದೀಪಗಳ ಅಲಂಕಾರದ ವೇಷ 40 ಪೌಂಡ್ ಭಾರವಿತ್ತು, ಅದರಿಂದ ಕಾಲು ಸೋತಿತು ಎಂದ.

◆ ವೇಷದ ವಿಷಯಕ್ಕೆ ಬಂದರೆ ಫ್ಯೂರಿಯೇನು ಕಡಿಮೆಯವನಲ್ಲ. 2015ರಲ್ಲಿ ವ್ಲಾಡಿಮಿರ್ ಕ್ಲಿಚ್ಕೊ ಪಂದ್ಯದ ಪತ್ರಿಕಾಗೋಷ್ಠಿಗೆ ಬ್ಯಾಟ್‌ಮ್ಯಾನ್ ಉಡುಪಿನಲ್ಲಿ ಬಂದು ನೆಲದ ಮೇಲೆ ಉರುಳಾಡಿದ್ದ. ಒಂಬತ್ತು ವರ್ಷ ಪಟ್ಟ ಬಿಡದ ಕ್ಲಿಚ್ಕೊ ಮುಖ ಗಂಟಿಕ್ಕಿ ಕೂತ. ನವೆಂಬರಿನಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ಪಟ್ಟವನ್ನೂ ಬಿಟ್ಟುಕೊಟ್ಟ.

◆ ಈ ನಾಟಕಗಳ ಇನ್ನೊಂದು ಅಂಕ 2024ರದು. ಮೇ ತಿಂಗಳಲ್ಲಿ ರಿಯಾಧ್‌ನಲ್ಲಿ ಫ್ಯೂರಿ ಹಾಡಿ ಕುಣಿದು ರಿಂಗಿಗೆ ಬಂದ. ಅವನ ಅಪ್ಪ ಆ ವಾರವೇ ಎದುರು ಬಣದವನೊಬ್ಬನಿಗೆ ಹಣೆಯಿಂದ ಗುದ್ದಿ ತನ್ನ ಹಣೆಯನ್ನೇ ಒಡೆದುಕೊಂಡಿದ್ದ. ಮಾತು ಕಡಿಮೆಯ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಗೆದ್ದು, 1999ರ ಲೆನಾಕ್ಸ್ ಲೂಯಿಸ್ ನಂತರ ಎಲ್ಲ ಬೆಲ್ಟುಗಳನ್ನೂ ಒಟ್ಟಿಗೆ ಹಿಡಿದ ಮೊದಲ ಹೆವಿವೇಟ್ ಆದ. ಡಿಸೆಂಬರಿನ ಮರುಪಂದ್ಯಕ್ಕೆ ಮುನ್ನ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತವರು ಹನ್ನೊಂದು ನಿಮಿಷಕ್ಕೂ ಹೆಚ್ಚು ಹೊತ್ತು ಕದಲಲಿಲ್ಲ. ಕೊನೆಗೆ ಸಂಘಟಕರೇ ಬಿಡಿಸಬೇಕಾಯಿತು. ಡಿಸೆಂಬರ್ 21ರ ಪಂದ್ಯದಲ್ಲಿ ಮೂವರು ತೀರ್ಪುಗಾರರೂ ಕೊಟ್ಟ ಅಂಕ ಒಂದೇ: 116–112, ಉಸಿಕ್‌ಗೆ.